ಐವರಿಗೆ ಒಂದೇ ಎದೆ

ನನ್ನ ಹೃದಯ ಸರಿಯಾಗಿದೆ. ಹಾಗೆಂದು ಐದು ಕಾಗದಗಳಲ್ಲಿ ಬರೆದು ಡಾಕ್ಟರು ಸಹಿ ಹಾಕಿದ್ದಾರೆ. ಅವುಗಳಲ್ಲಿ ಒಂದರ ಮೇಲೆ ಮಾತ್ರ ನನ್ನ ಹೆಸರಿದೆ.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಎರಡು ಸಲ ಕೆಮ್ಮಿದರೆ ಕ್ಷಯವೆಂದು ಗಾಬರಿಯಾಗುವವನು. ಇದೇ ಅಂಕಣದಲ್ಲಿ ಒಮ್ಮೆ ನನ್ನ ನಾಲಿಗೆಯ ಬಣ್ಣದ ಬಗ್ಗೆ ಒಂದೂವರೆ ಪುಟ ಬರೆದವನು (ಅರ್ಧ ಭಾಗ ಹೊಡೆದು ಹಾಕಿದ ಸಂಪಾದಕರಿಗೆ ಪುಣ್ಯ ಬರಲಿ). ಇಂಥವನು ನಲವತ್ತೇಳರ ವಯಸ್ಸಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಾನೆಂದರೆ ನಂಬುತ್ತೀರಾ? ಆಡುತ್ತೇನೆ. ಕಚೇರಿ ಮುಗಿದು, ಮಧುಗಿರಿ ಬೆಟ್ಟದ ನೆರಳು ಕೋರ್ಟಿನ ಮೇಲೆ ಬೀಳುವ ಹೊತ್ತಿಗೆ, ನಾವು ಐದು ಜನ ಪಂಚೆ ಬಿಚ್ಚಿಟ್ಟು ಚಡ್ಡಿ ಏರಿಸಿ ಹಳದಿ ಉಣ್ಣೆಚೆಂಡಿನ ಹಿಂದೆ ಓಡುತ್ತೇವೆ. ಐವರೂ ನಲವತ್ತು ದಾಟಿದವರೇ.

ಓಡುತ್ತಿದ್ದೆವು ಎನ್ನಬೇಕು.

ಟೀಮಿನ ಜೀವ ಗಫೂರ್ ಸಾಹೇಬರು. ಶಿರಾದಿಂದ ಬಂದು ಇಲ್ಲಿ ಟ್ರಂಕು ಅಂಗಡಿ ಇಟ್ಟು ಇಪ್ಪತ್ತು ವರ್ಷ. ನಮ್ಮೂರ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಬಸ್ಸಿನ ಮೇಲೆ ಏರುವ ಹೂವಿನ ಚಿತ್ರದ ಟ್ರಂಕು ಅವರ ಕೈಯದೇ. ಐವತ್ತೆರಡು ವಯಸ್ಸು. ಸೆಂಟರಿನಲ್ಲಿ ನಿಂತು ಅವರು ಎತ್ತಿ ಹೊಡೆದರೆ ಚೆಂಡು ಆಚೆ ಕಡೆಯವರ ಕಾಲಡಿಯಲ್ಲಿ ಬಿದ್ದಿರುತ್ತಿತ್ತು. ಅವರಿಗೆ ಇನ್ನೊಂದು ಚಟ. ಪ್ರತಿ ಬುಧವಾರ ಈ ಪತ್ರಿಕೆ ಕೊಂಡು, ನನ್ನ ಅಂಕಣವನ್ನು ಮನೆಯಲ್ಲಿ ಹೆಂಡತಿ ಮಗಳಿಗೆ ಗಟ್ಟಿಯಾಗಿ ಓದಿ ಹೇಳುವುದು. ಮರುದಿನ ಕೋರ್ಟಿನಲ್ಲಿ ನನ್ನ ನಾಲಿಗೆ ತೋರಿಸಲು ಹೇಳುವುದು.

ಈ ವರ್ಷ ಪಾವಗಡದವರು ಹಿರಿಯರ ಪಂದ್ಯಾವಳಿ ಇಟ್ಟರು. ಅವರ ಪತ್ರದಲ್ಲಿ ಒಂದು ಹೊಸ ನಿಯಮವಿತ್ತು. ಹಿಂದೊಮ್ಮೆ ಯಾರೋ ಆಟದ ನಡುವೆ ತಲೆಸುತ್ತಿ ಬಿದ್ದಿದ್ದರಂತೆ. ಆದ್ದರಿಂದ ನಲವತ್ತು ದಾಟಿದ ಪ್ರತಿಯೊಬ್ಬರೂ ಡಾಕ್ಟರಿಗೆ ಎದೆ ತೋರಿಸಿ ಸರ್ಟಿಫಿಕೇಟು ತಂದು ತೋರಿಸಬೇಕು.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ತಪ್ಪಿದ್ದದ್ದು ನಮ್ಮಲ್ಲಿ. ನನ್ನಂಥ ಗುಮಾಸ್ತರಿಗೆ ಡಾಕ್ಟರ ಸರ್ಟಿಫಿಕೇಟೆಂದರೆ ರಜೆಯ ಕಾಗದ. ತಂಗಿಯ ಮದುವೆಗೆ ಹೋಗಿ ಬಂದು ವಿಷಮಶೀತ ಜ್ವರವಾಗಿತ್ತೆಂದು ಬರೆಸಿಕೊಳ್ಳುವುದು. ರೋಗಿ ಒಂದೂರಲ್ಲಿ, ಕಾಗದ ಇನ್ನೊಂದೂರಲ್ಲಿ. ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಇದು ವಿಚಿತ್ರವೆಂದು ನನಗೆ ಒಮ್ಮೆಯೂ ಅನ್ನಿಸಿದ್ದಿಲ್ಲ.

ಟೀಮಿನ ಸೆಕ್ರೆಟರಿ ನಾನು. ಎಲ್ಲರನ್ನೂ ಡಾಕ್ಟರಲ್ಲಿಗೆ ಹೊರಡಿಸಲು ನೋಡಿದೆ. ಒಬ್ಬರಿಗೂ ಬಿಡುವಿಲ್ಲ. ಮಗಳ ನಿಖಾದ ಮಾತು ನಡೆಯುತ್ತಿದೆ, ಈಗ ಡಾಕ್ಟರ ಬಾಗಿಲಲ್ಲಿ ನಿಂತರೆ ಸಾಬರಿಗೇನೋ ಕಾಯಿಲೆ ಎಂದು ಶಿರಾದ ತನಕ ಸುದ್ದಿ ಹೋಗುತ್ತದೆ ಎಂದರು ಗಫೂರ್ ಸಾಹೇಬರು. ಕೊನೆಗೆ ಕಾಫಿಪುಡಿ ಅಂಗಡಿಯ ನಂಜಪ್ಪ (ನಮ್ಮ ಬ್ಯಾಕು) ತೀರ್ಮಾನ ಕೊಟ್ಟ.

"ನೀವೊಬ್ರು ಹೋಗಿ ಬನ್ನಿ ರಾಯರೇ. ನಮ್ಮೈವರಲ್ಲಿ ರೋಗಿಷ್ಟ್ರು ಅಂದ್ರೆ ನೀವೇ. ನಿಮ್ದೇ ನೆಟ್ಗೈತೆ ಅಂದ್ರೆ ನಮ್ದೆಲ್ಲಾ ಈ ಬೆಟ್ಟ ಇದ್ದಂಗೆ ಬುಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜ ಹೇಳಲೇ? ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಹೀಗೆ ನನ್ನ ರೋಗಭಯಕ್ಕೆ ಮೊದಲ ಸಲ ಒಂದು ಸಾರ್ವಜನಿಕ ಉಪಯೋಗ ಒದಗಿತು.

ಡಾಕ್ಟರು (ಅವರ ಹೆಸರು ಬರೆಯುವುದಿಲ್ಲ, ಗೋಗರೆದವನು ನಾನು) ನನ್ನನ್ನು ಚೆನ್ನಾಗಿಯೇ ಪರೀಕ್ಷಿಸಿದರು. ಎದೆಗೆ ತಂತಿ ಅಂಟಿಸಿ ಕಾಗದದ ಮೇಲೆ ಗೀಟು ಎಳೆಸುವ ಯಂತ್ರ ಬೆಂಗಳೂರಿನಲ್ಲಿದೆಯಂತೆ, ಇಲ್ಲಿಲ್ಲ. ಇವರ ಬಳಿ ಇದ್ದದ್ದು ಕಿವಿಗಿಡುವ ಕೊಳವೆ ಮತ್ತು ದವಾಖಾನೆಯ ಮುಂದಿನ ಮೂರು ಕಲ್ಲುಮೆಟ್ಟಿಲು. ಆ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿಳಿಸಿ ಮತ್ತೆ ಕೊಳವೆ ಇಟ್ಟರು. ಎಡಗೈ ನೋಯುತ್ತದೆಯೇ, ನಡೆಯುವಾಗ ನಿಲ್ಲಬೇಕು ಅನ್ನಿಸುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಉಳಿದ ನಾಲ್ವರನ್ನೂ ಕರೆತನ್ನಿ ಎಂದರು. ಬಸ್ಸು ನಾಡಿದ್ದು ಎಂದೆ. ಅವರೆಲ್ಲ ನನಗಿಂತ ಗಟ್ಟಿ ಎಂದೆ. ಕೈಮುಗಿದು ಗೋಗರೆದೆ. ಕೊನೆಗೆ ಅವರು ಐದು ಸಲ ಬರೆದರು.

ಅವತ್ತು ಸಂಜೆ ಅವರವರ ಕಾಗದ ಅವರವರಿಗೆ ಹಂಚಿದೆ. ಪ್ರಸಾದ ಹಂಚಿದ ಹಾಗೆ.

ಪಾವಗಡಕ್ಕೆ ಹೊರಟ ಬೆಳಿಗ್ಗೆ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಗಫೂರ್ ಸಾಹೇಬರ ಜೊತೆ ನಡೆದೆ. ಅಷ್ಟು ದೂರಕ್ಕೆ ಅವರು ಮೂರು ಸಲ ಬಗ್ಗಿ ಕ್ಯಾನ್ವಾಸ್ ಬೂಟಿನ ಲೇಸು ಕಟ್ಟಿದರು. ಕೆಲವು ತಿಂಗಳಿಂದ ಅದೊಂದು ಅಭ್ಯಾಸವಾಗಿತ್ತು. ಹೊಸ ಲೇಸು ತಗೊಳ್ಳಿ ಎಂದು ನಾವು ಗೇಲಿ ಮಾಡುತ್ತಿದ್ದೆವು. ಬಸ್ಸಿನಲ್ಲಿ ಕೂತ ಮೇಲೆ ಎಡಗೈ ನೀವಿಕೊಳ್ಳುತ್ತಾ, ತಗಡು ಕತ್ತರಿಸಿ ಕತ್ತರಿಸಿ ಈ ಕೈ ಜೋಮು ಹಿಡಿಯುತ್ತದೆ ರಾಯರೇ ಎಂದರು. ಹೌದು, ಕಷ್ಟದ ಕೆಲಸ ಎಂದೆ. ಆಮೇಲೆ ಮಿಡಿಗೇಶಿ ಬರುವವರೆಗೆ ನನ್ನ ಹೊಟ್ಟೆಯುಬ್ಬರದ ಕಥೆ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು.

ಅವರು ಕತ್ತರಿ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ಇಪ್ಪತ್ತು ವರ್ಷ ನೋಡಿದ್ದೇನೆ. ಎರಡು ದಿನದ ಹಿಂದೆ ಡಾಕ್ಟರು ಕೇಳಿದ ಪ್ರಶ್ನೆಗಳು ನನ್ನ ಕಿವಿಯಲ್ಲಿ ಇನ್ನೂ ಇದ್ದವು. ಆದರೆ ಅವು ನನ್ನ ಎದೆಯ ಬಗ್ಗೆ ಕೇಳಿದ ಪ್ರಶ್ನೆಗಳಲ್ಲವೇ?

ಕೊರಟಗೆರೆಯವರ ಮೇಲೆ ಮೊದಲ ಮ್ಯಾಚು. ಎರಡನೇ ಆಟದ ನಡುವೆ ಗಫೂರ್ ಸಾಹೇಬರು ಕೋರ್ಟಿನ ಮಧ್ಯದಲ್ಲಿ ಬಗ್ಗಿದರು. ಲೇಸು ಕಟ್ಟುತ್ತಿದ್ದಾರೆಂದು ನಾವು ನಾಲ್ವರೂ ರ್‍ಯಾಕೆಟ್ಟು ಇಳಿಸಿ ಕಾದೆವು. ನಂಜಪ್ಪ ಏನೋ ತಮಾಷೆಯನ್ನೂ ಮಾಡಿದ. ಸಾಹೇಬರು ಏಳಲಿಲ್ಲ. ಬದಿಗೆ ಒರಗಿದರು.

ಪಾವಗಡದ ಡಾಕ್ಟರೊಬ್ಬರು ಆಟ ನೋಡಲು ಬಂದಿದ್ದರು. ಓಡಿ ಬಂದರು. ಮಾಡಬಹುದಾದದ್ದನ್ನೆಲ್ಲ ಮಾಡಿದರು. ಸುತ್ತ ತೆಲುಗು, ಕನ್ನಡ ಎರಡರಲ್ಲೂ ಜನ ನೀರು ನೀರು ಎನ್ನುತ್ತಿದ್ದರು. ಇವರನ್ನು ಯಾರಾದರೂ ಪರೀಕ್ಷೆ ಮಾಡಿದ್ದರೇ ಎಂದು ಡಾಕ್ಟರು ನನ್ನನ್ನು ಕೇಳಿದರು. ಬೆಂಚಿನ ಮೇಲಿದ್ದ ಸಾಹೇಬರ ಅಂಗಿಯ ಜೇಬಿನಿಂದ ಕಾಗದ ತೆಗೆದುಕೊಟ್ಟೆ. ಅವರು ಓದಿದರು. ನನ್ನ ಮುಖ ನೋಡಿದರು. ಮತ್ತೆ ಮಡಿಸಿ, ಆ ಜೇಬಿನಲ್ಲೇ ಇಟ್ಟರು.

ಆ ಮೂರು ಕಲ್ಲುಮೆಟ್ಟಿಲನ್ನು ಅವರು ಹತ್ತಿದ್ದರೆ? ಇಪ್ಪತ್ತು ಸಲ ಬೇಡ, ನಾಲ್ಕನೇ ಸಲಕ್ಕೇ ಲೇಸು ಕಟ್ಟುವ ನೆಪದಲ್ಲಿ ಬಗ್ಗುತ್ತಿದ್ದರು. ಡಾಕ್ಟರು ನೋಡುತ್ತಿದ್ದರು. ಆಮೇಲೆ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆಟ ಬಿಡುತ್ತಿದ್ದರು, ಬೆಂಗಳೂರಿಗೆ ಹೋಗುತ್ತಿದ್ದರು, ಮಗಳಿಗೊಂದು ಟ್ರಂಕು ಮಾಡುತ್ತಿದ್ದರು. ಇಷ್ಟು ಖಂಡಿತ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ನಮ್ಮೆಲ್ಲರ ಭಾಭಿ, ಪರದೆಯ ಹಿಂದೆ ಕೂತು ಮಾತಾಡಿದರು. ದಿನಾ ಬೆಳಿಗ್ಗೆ ಗಂಡನ ಎದೆಗೆ ಎಣ್ಣೆ ತಿಕ್ಕುತ್ತಿದ್ದರಂತೆ. ಡಾಕ್ಟರಿಗೆ ತೋರಿಸಿ ಎಂದು ಜಗಳವಾಡುತ್ತಿದ್ದರಂತೆ.

"ಆಮೇಲೆ ನೀವು ಕೊಟ್ಟ ಕಾಗದ ತಂದು ನನ್ ಕೈಗಿಟ್ರು ಭಾಯಿ. ನೋಡು, ಡಾಕ್ಟರ್ ಸೈನ್ ಐತೆ, ಇನ್ನಾದ್ರೂ ಸುಮ್ನಿರು ಅಂದ್ರು. ನಾನು ಸುಮ್ನಾಗ್ಬುಟ್ಟೆ." ಆಮೇಲೆ ಅವರೇ ಕೇಳಿದರು. "ಡಾಕ್ಟ್ರು ಚೆನ್ನಾಗಿ ನೋಡಿದ್ರು ಅಲ್ವಾ? ನೋಡಿದ್ರೂ ಹಿಂಗಾಯ್ತು ಅಂದ್ರೆ ಖುದಾನ ಮರ್ಜಿ. ಅದೊಂದೇ ಸಮಾಧಾನ."

ನಾನು ಹೂಂ ಎಂದೆ.

ಇಷ್ಟು ವರ್ಷ ಹೆದರಿದ್ದೆನಲ್ಲ, ನಿದ್ದೆಗೆಟ್ಟು, ನಾಡಿ ಹಿಡಿದು, ನಾಲಿಗೆ ಚಾಚಿ, ಆ ಹೆದರಿಕೆಯಲ್ಲಿ ಒಂದು ಚೂರನ್ನು ಪಕ್ಕದಲ್ಲಿ ಕೂತವನಿಗಾಗಿ ಖರ್ಚು ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಈಗ ನಂಜಪ್ಪ ಕೋರ್ಟಿನ ಕಡೆ ಬರುವುದಿಲ್ಲ. ಎದೆ ತೋರಿಸಿಕೊಂಡು ಬಾರಯ್ಯ ಎಂದರೆ, ಇನ್ನು ಅದ್ಯಾಕೆ ರಾಯರೇ ಅನ್ನುತ್ತಾನೆ. ಅವನನ್ನು ಕೈಹಿಡಿದು ಎಳೆದೊಯ್ಯುವ ಯೋಗ್ಯತೆಯೂ ನನಗೆ ಉಳಿದಿಲ್ಲ.

ಹೊರಡುವಾಗ ಸಾಹೇಬರ ಮಗಳು ಹೇಳಿದಳು: ಅಬ್ಬಾಜಾನ್ ಓದುತ್ತಿದ್ದ ಹಾಗೆಯೇ ಈಗ ತಾನು ಪ್ರತಿ ಬುಧವಾರ ಅಮ್ಮನಿಗೆ ನನ್ನ ಅಂಕಣ ಓದಿ ಹೇಳುತ್ತಾಳಂತೆ.

ಈ ಅಂಕಣ ಅಚ್ಚಾಗುವ ಬುಧವಾರಕ್ಕೆ ಇನ್ನೂ ಮೂರು ದಿನವಿದೆ. ಅಷ್ಟರೊಳಗೆ ನಾನೇ ಆ ಮನೆಗೆ ಹೋಗಿ ನಿಜ ಹೇಳುತ್ತೇನೋ, ಅಥವಾ ಎಂದಿನಂತೆ ನನ್ನ ಬದಲು ಈ ಕಾಗದವೇ ಹೋಗುತ್ತದೋ?