ಸಾಸ್ವೆಹಳ್ಳಿಯ ಹನ್ನೆರಡು ಕಪ್ಪೆಚಿಪ್ಪು

ಮಾರ್ಚ್ 9, ಭಾನುವಾರ, ಬೆಳಿಗ್ಗೆ 6.40. ಹನ್ನೊಂದು ದಿನದಿಂದ ಮುಂದೂಡುತ್ತ ಬಂದದ್ದನ್ನು ಇವತ್ತು ಬರೆಯಲು ಕೂತಿದ್ದೇನೆ.

ನೀರಿಗೆ ವಿಷ ಸೇರಿದರೆ ಕಪ್ಪೆಚಿಪ್ಪಿನ ಮೈಯೊಳಗೆ ಅದನ್ನು ಕಳೆಯುವ ಕಿಣ್ವಗಳು ಹೆಚ್ಚುತ್ತವೆ. ಆ ಕಿಣ್ವದ ಜೀನ್ ಎಷ್ಟು ಚುರುಕಾಗಿದೆ ಎಂದು ನೋಡಿದರೆ ನೀರಿನ ಸ್ಥಿತಿ ಗೊತ್ತಾಗುತ್ತದೆ. ಕಡಲ ಮಾಲಿನ್ಯ ಅಳೆಯುವ ಈ ವಿಧಾನವನ್ನು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ನಾನು ತುಂಗಭದ್ರೆಯಲ್ಲಿ ಮಾಡಿ ನೋಡಿದೆ. ಹೊಳೆ ಹೊನ್ನಾಳಿ ಪೇಟೆಯ ಕೊಳೆ ಹೊತ್ತು ಮುಂದೆ ಹರಿಯುವ ಕಡೆಯಿಂದ ಹನ್ನೆರಡು ಚಿಪ್ಪು, ಪೇಟೆಗೆ ಮುಂಚಿನ ಸಾಸ್ವೆಹಳ್ಳಿಯಿಂದ ಹನ್ನೆರಡು. ಸಾಸ್ವೆಹಳ್ಳಿಯವನ್ನು ಸೊಂಟಮಟ್ಟ ನೀರಿನಲ್ಲಿ ನಿಂತು ಆರಿಸಿಕೊಟ್ಟವರು ಅಲ್ಲಿ ಮೀನು ಹಿಡಿದು ಮಾರುವ ಒಬ್ಬ ಅಕ್ಕ.

ಶುದ್ಧ ಎಂದುಕೊಂಡಿದ್ದ ಸಾಸ್ವೆಹಳ್ಳಿಯ ಚಿಪ್ಪುಗಳಲ್ಲೇ ಜೀನ್ ಜಾಸ್ತಿ ಚುರುಕಾಗಿತ್ತು. ಪ್ರಾಜೆಕ್ಟು ನೋಡಿಕೊಳ್ಳುವ ಮೇಷ್ಟ್ರಿಗೆ ತೋರಿಸುವ ಮೊದಲೇ ನಾನು ಆ ಊರಿನ ಚಹಾ ಅಂಗಡಿಯಲ್ಲಿ ಕೂತು, ನಿಮ್ಮ ಹೊಳೆ ಕೆಟ್ಟಿದೆ ಎಂದು ವಿವರಿಸಿದೆ. ಕೇಳಿದವರು ಎಂಟು ಜನ. ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಮುಂದಿನ ವಾರ ಹೋದಾಗ ಹತ್ತೂವರೆಯಾದರೂ ಅಕ್ಕನ ಬುಟ್ಟಿಯಿಂದ ಒಂದು ಮೀನೂ ಹೋಗಿರಲಿಲ್ಲ. ಅವರು ಬೈಯಲಿಲ್ಲ. ತಮ್ಮ ಮಕ್ಕಳು ದಿನಾ ಉಣ್ಣುವುದೂ ಇದೇ ಮೀನಲ್ಲವೇ ಎಂದಷ್ಟೇ ಕೇಳಿದರು. ನಾನು ಪುಸ್ತಕ ತೆಗೆದು ತೋರಿಸತೊಡಗಿದೆ: ಚಿಪ್ಪಿನ ಉದ್ದ, ತೂಕ, ನೀರಿನ ಬಿಸಿ, ಹೊತ್ತು.

"ಬಕೆಟ್ಟಿನಾಗೆ ನೀರು ಕೆಂಪಗಾಗಿತ್ತಲ್ಲ ತಂಗಿ, ಅದು ಎಲ್ಲೈತೆ ಇದರಾಗೆ?"

ಎಲ್ಲೂ ಇರಲಿಲ್ಲ. ಚಿಪ್ಪು ಆರಿಸಿದ ದಿನ ನಾನು ಬಂದದ್ದು ಚನ್ನಗಿರಿಯ ಚಿಕ್ಕಮ್ಮನ ಮನೆಯಿಂದ. ತಂದದ್ದು ಅವರು ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ತುಂಬಿಡುವ ಬಕೆಟ್ಟು. ಎರಡು ಸಲ ತೊಳೆದಿದ್ದೆ. ಚೊಗರು ಎರಡು ನೀರಿಗೆ ಬಿಡುವಂಥದ್ದಲ್ಲ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನೀರು ಕೆಂಪಾದದ್ದನ್ನು ಕಂಡೂ ಕೆಸರೆಂದು ಬಿಟ್ಟಿದ್ದೆ. ಕಾಲೇಜು ಮುಟ್ಟುವವರೆಗೆ ನಾಲ್ಕು ತಾಸು ಚಿಪ್ಪುಗಳು ಅದರಲ್ಲೇ ಇದ್ದವು. ಹೊನ್ನಾಳಿಯವು ಕಾಲೇಜಿನ ಹೊಸ ಡಬ್ಬಿಯಲ್ಲಿ ಹೋಗಿದ್ದವು.

ತಪ್ಪಾಯಿತು ಎಂದೆ, ನೆಲ ನೋಡುತ್ತ.

"ನನ್ನ ಮುಂದೆ ಹೇಳಿದ್ರೆ ಏನು ಬಂತು? ಚಾ ಅಂಗಡ್ಯಾಗೆ ಹೇಳಿ ಬಾ, ಹೋಗು."

ಹೋದೆ. ಎಂಟರಲ್ಲಿ ಐವರು ಸಿಕ್ಕರು. ಅವರಲ್ಲಿ ಹಿರಿಯರೊಬ್ಬರು, "ಹಂಗಾರೆ ಹೊಳೆ ಚೆನ್ನಾಗೈತೇನು?" ಎಂದರು. ಗೊತ್ತಿಲ್ಲ ಎಂದೆ. ಅವರು ನಕ್ಕು ಪೇಪರು ಬಿಡಿಸಿದರು. ಅಕ್ಕ ಈಗ ಬಸ್ಸು ಹತ್ತಿ ನ್ಯಾಮತಿಗೆ ಹೋಗಿ ಮೀನು ಮಾರುತ್ತಾರೆ.

ಮತ್ತೆ ಹನ್ನೆರಡು ಚಿಪ್ಪು ಆರಿಸಬೇಕು; ಆರಿಸಿಕೊಡಿ ಎಂದು ಅವರನ್ನು ಕೇಳಲು ನನಗೆ ಮುಖವಿಲ್ಲ. ಚೊಗರು ಈ ಜೀನನ್ನು ಚುರುಕುಗೊಳಿಸುತ್ತದೆಯೇ, ಅದಕ್ಕೆ ನಾಲ್ಕು ತಾಸು ಸಾಕೇ ಎಂಬುದು ಮೇಷ್ಟ್ರಿಗೂ ತಿಳಿಯದು. ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಸಾಸ್ವೆಹಳ್ಳಿಗೆ ನಾನು ಉತ್ತರ ಕೊಡಬೇಕಾಗಿದೆ.