ಅಡ್ಡಿಗಳ ಸಾಲಿಗೆ ಅಂಟಿಸಿದ ಚೀಟಿ

ಆ ಭಾನುವಾರ ನನ್ನ ಗಂಡ ಹೊಸ ಕುಕ್ಕರಿನ ಮುಚ್ಚಳ ಹಿಡಿದು ಕೂತಿದ್ದರು. ಹತ್ತು ಸಲ ಹಾಕಿದರು, ಹತ್ತು ಸಲ ತೆಗೆದರು.

"ಎಡಗೈಲಿ ಹಾಕಿದ್ರೆ ಸರಿಯಾಗಿ ಕೂರಲ್ಲ ಕಣೇ. ವಾಪಸ್ ಕೊಡೋಣ."

"ಈ ಮನೇಲಿ ಎಡಗೈಯವರು ಯಾರಿದಾರೋ?" ಅಂದರು ಅತ್ತೆ. "ಹೆಣ್ಣು ನೋಡೋವಾಗ ಇಷ್ಟು ಪರೀಕ್ಷೆ ಮಾಡ್ಲಿಲ್ಲವಲ್ಲೋ!"

"ಅಲ್ಲೇ ಅಮ್ಮ ನಾನು ಎಡವಿದ್ದು."

ನಾನು ಸೌಟು ತೋರಿಸಿದೆ.

ತಪ್ಪು ಹುಡುಕುವುದೇ ಅವರ ಕಸುಬು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಮಾಡಿದ್ದನ್ನು ಕೆದಕಿ ನೋಡಿ, ಇದು ಇಲ್ಲಿ ಕೆಡುತ್ತದೆ ಎಂದು ಮೊದಲೇ ಹೇಳುವುದು. ಅದರಲ್ಲಿ ಅವರಿಗೆ ಸುಖವಿತ್ತು. ಸುಳ್ಳು ಹೇಳಿ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಮ್ಯಾನೇಜರ್ ಆ ಕೆಲಸ ಕಿತ್ತುಕೊಂಡು ಸ್ಕ್ರಮ್ ಮಾಸ್ಟರ್ ಮಾಡಿದ. ಹೆಸರೇನೋ ದೊಡ್ಡದು. ದಿನಾ ಬೆಳಿಗ್ಗೆ ತಂಡದವರನ್ನೆಲ್ಲ ನಿಲ್ಲಿಸಿಕೊಂಡು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನು ಎಂದು ಒಬ್ಬೊಬ್ಬರನ್ನೂ ಕೇಳಬೇಕು. ಜಗಳ ಬಿಡಿಸಬೇಕು, ನಗಿಸಬೇಕು. ಅರ್ಧ ಆದದ್ದನ್ನು ಮ್ಯಾನೇಜರ್ 'ಮುಗಿದಿದೆ' ಎಂದು ಬರೆಸಿದರೆ ಬಾಯಿ ಮುಚ್ಚಿಕೊಂಡಿರಬೇಕು. ಅವರಿಗೆ ಊಟ ಸೇರುವುದು ನಿಂತಿತು.

"ನಾಳೆ ಹೇಳಿಬಿಡ್ತೀನಿ," ಅಂದರು ಮುಚ್ಚಳ ಒರೆಸುತ್ತಾ. "ನನ್ನ ಹಳೇ ಕೆಲಸ ನನಗೆ ಕೊಡಿ ಅಂತ."

"ಬರೀ ಬಾಯಲ್ಲೇ ಆಯ್ತು. ಹೇಳಿ ಮೊದಲು."

ಹೇಳಲಿಲ್ಲ. ಮರುದಿನ ನಿಂತುಕೊಂಡೇ ಮಾಡುವ ಆ ಮೀಟಿಂಗಿನ ನಡುವೆ, "ನನಗೂ ಒಂದು ಅಡ್ಡಿ ಇದೆ, ಎದೆ ಹಿಡ್ಕೊಂಡಿದೆ," ಅಂದರಂತೆ. ಎಲ್ಲರೂ ನಕ್ಕರಂತೆ. ನಗಿಸುವುದು ಅವರ ಕೆಲಸವೇ ತಾನೆ. ಒಬ್ಬ ಹುಡುಗಿ ಹಳದಿ ಚೀಟಿಯಲ್ಲಿ 'ಎದೆ' ಎಂದು ಬರೆದು ಗೋಡೆಯ ಮೇಲೆ ಅಡ್ಡಿಗಳ ಸಾಲಿಗೆ ಅಂಟಿಸಿದಳು. ಅಡ್ಡಿಯ ಮಾತು ಮೀಟಿಂಗ್ ಮುಗಿದ ಮೇಲೆ, ಅದು ಅಲ್ಲಿಯ ನಿಯಮ. ಇನ್ನೂ ನಾಲ್ಕು ಜನರ ಸರದಿ ಬಾಕಿ ಇತ್ತು. ಆ ನಾಲ್ವರೂ ಹೇಳಿ ಮುಗಿಸಿದರು. ಆಮೇಲೆ ನನ್ನ ಗಂಡ ಬಿದ್ದರು, ಮತ್ತೆ ಏಳಲಿಲ್ಲ. ಇದನ್ನೆಲ್ಲ ಆ ಹುಡುಗಿಯೇ ಅಳುತ್ತಾ ಹೇಳಿದಳು.

ವಾರ ಕಳೆದು ಮ್ಯಾನೇಜರ್ ಮನೆಗೆ ಬಂದ.

"ಆ ಕೆಲಸ ಅಂದ್ರೆ ಅವರಿಗೆ ಪ್ರಾಣ ಅಮ್ಮಾ."

"ಆ ಪ್ರಾಣಾನೇ ತಗೊಂಡಿತಲ್ಲ," ಅಂದೆ. " ನಿಮಗೆ ಏನು ಬೇಕು ಅಂತ ಒಂದು ದಿನ ಕೇಳಿದ್ರಾ ಅವರನ್ನ?"

"ಅಷ್ಟು ಒಳ್ಳೆಯವರು ಬೇರೆ ಯಾರೂ ಇರ್ಲಿಲ್ಲ, ಅದಕ್ಕೇ..."

"ಒಳ್ಳೆಯವರು ಅಂತ ತಲೆ ಮೇಲೆ ಹೇರೋದಾ? ಎದ್ದೇಳಿ."

ಕುಡಿಯುತ್ತಿದ್ದ ಕಾಫಿ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡೆ.

ಅತ್ತೆ ಈಗ ಯಾರನ್ನೂ ಹಾಸ್ಯ ಮಾಡುವುದಿಲ್ಲ. ದಿನಾ ಬೆಳಿಗ್ಗೆ ಅವರ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕುತ್ತೇನೆ. "ಸಾಕು ಬಿಡೇ, ನೋವು ಹೋಯ್ತು," ಅನ್ನುತ್ತಾರೆ. ಅವರ ಮಗನ ಹಾಗೆ ನಾನೂ ನಂಬುವುದಿಲ್ಲ. "ಅಯ್ಯೋ, ಅಲ್ಲೇ," ಅನ್ನುವ ತನಕ ಬೆರಳಿಂದ ಒತ್ತಿ ಒತ್ತಿ ನೋಡುತ್ತೇನೆ. ಅಲ್ಲಿಗೆ ಇನ್ನಷ್ಟು ಎಣ್ಣೆ ಹಾಕುತ್ತೇನೆ.