ಮಹಾಂತೇಶರಿಗೆ ನಾನು ಕೊಟ್ಟ ಸಲಹೆ

ಕೋವಿಡ್ ಕಳೆದು, ಅಮೆರಿಕದ ಡಲ್ಲಾಸ್ ಪಕ್ಕದ ನಮ್ಮ ರಿಚರ್ಡ್‌ಸನ್‌ನ ಕನ್ನಡದವರೆಲ್ಲ ಮತ್ತೆ ಒಂದೆಡೆ ಸೇರಿ ಯುಗಾದಿ ಮಾಡಲು ಶುರುಮಾಡಿದ್ದ ಕಾಲ ಅದು. ಆ ವರ್ಷದ ಹಬ್ಬದಲ್ಲಿ ಊಟದ ಸಾಲಿನಲ್ಲಿ ನನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದವರು ಮಹಾಂತೇಶ. ಬಾಗಲಕೋಟೆ ಕಡೆಯವರು. ಟೆಲಿಕಾಂ ಕಂಪನಿಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದಿದ್ದರು.

"ಮೂರ್ತಿಯವರ, ಹೋದ ವಾರ ನಮ್ಮನ್ನ ಮನಿಗೆ ಕಳಿಸಿಬಿಟ್ರು ನೋಡ್ರಿ," ಅಂದರು ನಗುತ್ತಲೇ. "ಅರವತ್ತಾರಾತು, ಇರಲಿ ಬಿಡ್ರಿ. ಆದ್ರ ಈ ಇನ್ಶೂರೆನ್ಸಿಂದ ಒಂದು ಚಿಂತಿ. ಈಗ ಮೆಡಿಕೇರ್ ತಗೋಬೇಕೇನು?"

ಮೆಡಿಕೇರ್ ಅಂದರೆ ಅರವತ್ತೈದು ದಾಟಿದವರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ. ನಾನು ಮೈಸೂರಿನವನು, ಮಹಾಂತೇಶರಿಗಿಂತ ಮೂರು ವರ್ಷ ಮೊದಲೇ ನಿವೃತ್ತನಾದವನು. ಟ್ಯಾಕ್ಸು, ವೀಸಾ, ಇನ್ಶೂರೆನ್ಸು ಏನೇ ಇರಲಿ, "ಮೂರ್ತಿಯವರನ್ನ ಕೇಳಿ" ಅಂತ ನಮ್ಮವರೆಲ್ಲ ಹೇಳುತ್ತಿದ್ದರು. ಅದು ನನಗೂ ಇಷ್ಟವಾಗುತ್ತಿತ್ತು. ಗೊತ್ತಿಲ್ಲ ಅಂತ ಯಾರಿಗಾದರೂ ಹೇಳಿದ ನೆನಪಿಲ್ಲ.

"ಏನೂ ಅವಸರ ಇಲ್ಲ ಸಾರ್," ಅಂದೆ. "ಕಂಪನಿ ಇನ್ಶೂರೆನ್ಸನ್ನೇ ಕೋಬ್ರಾದಲ್ಲಿ ಮುಂದುವರಿಸಿ. ಅದು ಮುಗಿದ ಮೇಲೆ ಮೆಡಿಕೇರ್ ತಗೊಂಡ್ರಾಯ್ತು. ನಾನೂ ತಡವಾಗೇ ತಗೊಂಡಿದ್ದು, ಏನೂ ಆಗಲಿಲ್ಲ."

ಕೆಲಸ ಹೋದ ಮೇಲೂ ನಾವೇ ಪೂರ್ತಿ ಕಂತು ಕಟ್ಟಿಕೊಂಡು ಒಂದೂವರೆ ವರ್ಷ ಕಂಪನಿಯ ವಿಮೆಯಲ್ಲೇ ಉಳಿಯುವುದಕ್ಕೆ ಇಲ್ಲಿ ಕೋಬ್ರಾ ಅನ್ನುತ್ತಾರೆ. ನಾನು ಅದನ್ನು ತೆಗೆದುಕೊಂಡಿರಲೇ ಇಲ್ಲ. ನನ್ನ ಕೆಲಸ ಮುಗಿದಾಗ ಹೆಂಡತಿ ವಿದ್ಯಾ ಇನ್ನೂ ಕೆಲಸಕ್ಕೆ ಹೋಗುತ್ತಿದ್ದಳು, ಅವಳ ಆಫೀಸಿನ ವಿಮೆಯಲ್ಲಿ ನಾನಿದ್ದೆ. ಹಾಗಾಗಿ ನನ್ನ ತಡವನ್ನು ಸರ್ಕಾರ ಒಪ್ಪಿಕೊಂಡಿತ್ತು. ನನ್ನ ಸಂಗತಿ ಬೇರೆ, ಅವರದು ಬೇರೆ ಎನ್ನುವುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೂ ಇಲ್ಲ. ಹೋಳಿಗೆಯ ಪಾತ್ರೆ ಹತ್ತಿರ ಬಂತು, ಇಬ್ಬರೂ ಮುಂದೆ ಸರಿದೆವು. ಎಲ್ಲ ಸೇರಿ ಒಂದು ನಿಮಿಷದ ಮಾತು.

ಒಂದು ವರ್ಷ ಕಳೆಯಿತು. ಏಪ್ರಿಲ್ ಮೊದಲ ವಾರ ಮಹಾಂತೇಶ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು.

"ಮೂತ್ರದಾಗ ರಕ್ತ ಬರಾಕತ್ತೇತ್ರಿ. ಡಾಕ್ಟರು ದೊಡ್ಡ ಸ್ಕ್ಯಾನ್ ಮಾಡಸ್ರಿ, ಒಳಗ ಕ್ಯಾಮೆರಾ ಹಾಕಿ ನೋಡಬೇಕು ಅಂತಾರ. ಆದ್ರ ಮೊದಲ ಮಾಡಿಸಿದ ಟೆಸ್ಟಿಗೇ ಇನ್ಶೂರೆನ್ಸನವರು ಕೊಡಂಗಿಲ್ಲ ಅಂತ ಕಾಗದ ಕಳಿಸ್ಯಾರ. ನಿಮಗ ಮೆಡಿಕೇರ್ ವಯಸ್ಸಾಗೇತಿ, ಮೊದಲ ಅವರು ಕೊಡಬೇಕು ಅಂತ ಬರದಾರ."

ಮಾರನೆಯ ದಿನವೇ ಅವರನ್ನು ಕೂರಿಸಿಕೊಂಡು, ಮೆಡಿಕೇರ್ ಅರ್ಜಿ ತೆಗೆದುಕೊಳ್ಳುವ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಹೋದೆ. ಎರಡು ಗಂಟೆ ಕಾದ ಮೇಲೆ ನಂಬರ್ ಕೂಗಿದರು. ಗಾಜಿನ ಆಚೆ ಕೂತಿದ್ದ ನರೆಗೂದಲಿನ ಹೆಂಗಸು ಕಾಗದಗಳನ್ನೆಲ್ಲ ನಿಧಾನವಾಗಿ ನೋಡಿ ಇಂಗ್ಲಿಷಿನಲ್ಲಿ ಹೇಳಿದರು: "ಕೋಬ್ರಾ ಕೆಲಸದ ವಿಮೆ ಅಂತ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಬಿಟ್ಟ ಎಂಟು ತಿಂಗಳೊಳಗೆ ನೀವು ಬರಬೇಕಿತ್ತು. ತಪ್ಪಿಸಿಕೊಂಡವರಿಗೆ ಜನವರಿಯಿಂದ ಮಾರ್ಚ್‌ವರೆಗೆ ಅವಕಾಶ ಇರುತ್ತೆ. ಅದೂ ಹೋದ ವಾರ ಮುಗಿಯಿತು."

"ಹಾಗಾದರೆ ಈಗ?" ಅಂದೆ ನಾನು.

"ಆಸ್ಪತ್ರೆಗೆ ಸೇರಿದರೆ ಅನ್ವಯಿಸುವ ಭಾಗವನ್ನು ಇವತ್ತೇ ಮಾಡಿಕೊಡುತ್ತೇನೆ. ಡಾಕ್ಟರು, ಸ್ಕ್ಯಾನು, ಹೊರಗಿನ ಪರೀಕ್ಷೆಗಳ ಭಾಗಕ್ಕೆ ಜನವರಿಯಲ್ಲಿ ಅರ್ಜಿ ಹಾಕಬೇಕು. ಫೆಬ್ರವರಿಯಿಂದ ಸಿಗುತ್ತೆ."

ಆಮೇಲೆ ಅವರು ಕನ್ನಡಕ ತೆಗೆದು ಮಹಾಂತೇಶರನ್ನು ನೋಡಿದರು. "ಕಾಯಬಹುದು ಅಂತ ನಿಮಗೆ ಯಾರು ಹೇಳಿದ್ದು? ಸರ್ಕಾರಿ ಕಚೇರಿಯವರು ಯಾರಾದರೂ ಹೇಳಿದ್ದರೆ ಬರೆದುಕೊಡಿ, ಏನಾದರೂ ಆಗುತ್ತಾ ನೋಡೋಣ."

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ನನ್ನ ಮೊಣಕೈ ಅವರ ಮೊಣಕೈಗೆ ತಾಗುತ್ತಿತ್ತು. ಮಹಾಂತೇಶ ನನ್ನ ಕಡೆ ತಿರುಗಲಿಲ್ಲ.

"ಇಲ್ಲ ಮೇಡಂ. ಪರಿಚಯದವರು ಯಾರೋ ಹೇಳಿದ್ದರು. ನಾನೇ ತಪ್ಪು ತಿಳಿದುಕೊಂಡೆ," ಅಂದರು.

ಕಾರಿನಲ್ಲಿ ಕೂತ ಮೇಲೆ "ಮಹಾಂತೇಶ್, ನಾನು..." ಅಂತ ಶುರುಮಾಡಿದೆ. ಅವರು ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ, "ಬಿಡ್ರಿ. ಮನಿಗೆ ಕಾಗದ ಬಂದಿದ್ದುವು, ನಾನೂ ಒಡದು ಓದಲಿಲ್ಲ. ಶೈಲಾಗ ಇದೆಲ್ಲ ಹೇಳಾಕ ಹೋಗಬ್ಯಾಡ್ರಿ," ಅಂದರು. ಶೈಲಾ ಅವರ ಹೆಂಡತಿ.

ಸ್ಕ್ಯಾನಿನ ಖರ್ಚು ನಾನು ಕೊಡುತ್ತೇನೆ, ಮಾಡಿಸಿ ಅಂದೆ. ಅವರು ಒಪ್ಪಲಿಲ್ಲ. "ಔಷಧ ತಗೊಂಡೀನಿ, ಈಗ ಕಡಿಮಿ ಆಗೇತಿ. ಫೆಬ್ರವರಿ ಏನು ದೂರ ಇಲ್ಲ," ಅಂದರು. ಜೂನ್‌ನಲ್ಲಿ ಇನ್ನೊಮ್ಮೆ ಕೇಳಿದೆ, ಅದೇ ಉತ್ತರ. ಮೂರನೇ ಸಲ ನಾನು ಕೇಳಲಿಲ್ಲ. ಕೇಳಿದಾಗಲೆಲ್ಲ ನನ್ನ ತಪ್ಪೇ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಅವರು ಚೆನ್ನಾಗಿದ್ದೀನಿ ಅಂದಾಗ ನಂಬುವುದು ನನಗೆ ಸುಲಭವಾಗಿತ್ತು, ನಂಬಿದೆ.

ನವೆಂಬರ್‌ನಲ್ಲಿ ಅವರು ಬಾತ್‌ರೂಮಿನಲ್ಲಿ ಬಿದ್ದರು. ಡಲ್ಲಾಸ್‌ನ ಆಸ್ಪತ್ರೆಗೆ ನಾನು ಓಡಿದಾಗ ಆಗಲೇ ಪರೀಕ್ಷೆಗಳು ಮುಗಿದಿದ್ದವು. ಮೂತ್ರಕೋಶದ ಕ್ಯಾನ್ಸರ್, ಬೆನ್ನುಮೂಳೆಗೂ ಸೊಂಟಕ್ಕೂ ಹಬ್ಬಿತ್ತು. ಏಪ್ರಿಲ್‌ನಲ್ಲೇ ನೋಡಿದ್ದರೆ ಉಳಿಯುತ್ತಿದ್ದರಾ ಅಂತ ಡಾಕ್ಟರನ್ನು ಕೇಳಿದೆ. "ಖಚಿತವಾಗಿ ಹೇಳಲಾರೆ. ಆದರೆ ಆಗ ನಮ್ಮ ಕೈಯಲ್ಲಿ ಮಾಡಲು ಏನಾದರೂ ಇರುತ್ತಿತ್ತು," ಅಂದರು.

ಕಾರಿಡಾರಿನಲ್ಲಿ ಶೈಲಾ ನನ್ನ ತೋಳು ಹಿಡಿದುಕೊಂಡು ಅತ್ತರು. "ಯಾರೋ ಇವರಿಗೆ ಕಾಯ್ರಿ ಅಂತ ಹೇಳ್ಯಾರಂತ್ರಿ. ಎಷ್ಟು ಕೇಳಿದ್ರೂ ಹೆಸರು ಬಾಯಿಬಿಡವಲ್ರು. ಅವರ ನಾಲಿಗಿ ಬಿದ್ದು ಹೋಗಲಿ. ಅವರ ಮನ್ಯಾಗೂ ಹಿಂಗ ಆಗಲಿ, ಆಗ ತಿಳೀತೈತಿ," ಅಂದರು. ನಾನು ಅವರ ಕೈ ಹಿಡಿದು ನಿಂತೇ ಇದ್ದೆ. "ಸಮಾಧಾನ ಮಾಡ್ಕೊಳ್ಳಿ" ಅಂತಲೂ ಅಂದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಜನವರಿಯಲ್ಲಿ ಅರ್ಜಿ ಹಾಕುವ ಕಾಲ ಬಂದಾಗ ಮಹಾಂತೇಶರಿಗೆ ಪೆನ್ನು ಹಿಡಿಯುವ ಶಕ್ತಿಯೂ ಇರಲಿಲ್ಲ. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಅವರ ಕಿವಿಯ ಹತ್ತಿರ ಬಗ್ಗಿ "ನನ್ನಿಂದ ಹೀಗಾಯ್ತು" ಅಂದೆ. ಅವರು ಕಣ್ಣು ಬಿಟ್ಟು, "ನೀರು ಕೊಡ್ರಿ" ಅಂದರು. ಕೊಟ್ಟೆ. ಕೇಳಿಸಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಆ ವಾರವೇ ಹೋಗಿಬಿಟ್ಟರು.

ಶೈಲಾ ಅವರನ್ನು ಆಸ್ಟಿನ್‌ನಲ್ಲಿರುವ ಮಗಳು ಎರಡು ತಿಂಗಳು ತನ್ನ ಮನೆಯಲ್ಲಿ ಇರಿಸಿಕೊಂಡಳು. ಅವರು ವಾಪಸ್ ಬಂದ ಮೇಲೆ ನಾನೊಬ್ಬನೇ ಹೋಗಿ ಯುಗಾದಿಯ ದಿನದಿಂದ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೂಗಾಡಬಹುದು ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದನ್ನ ನನಗ ಯಾಕ ಹೇಳಿದ್ರಿ?" ಅಂದರು ಕೊನೆಗೆ. "ಅವರು ಸಾಯೂ ತನಕ ನಿಮ್ಮ ಹೆಸರು ಹೇಳಲಿಲ್ಲ. ಈಗ ನಿಮ್ಮ ಎದಿ ಹಗುರ ಆತು. ನಾ ಇದನ್ನ ಎಲ್ಲಿ ಇಟ್ಕೊಳ್ಳಲಿ?"

ಎದ್ದು ಬಂದೆ. ಮನೆಯಲ್ಲಿ ವಿದ್ಯಾಗೂ ಎಲ್ಲ ಹೇಳಿದೆ.

ಐದು ತಿಂಗಳು ಶೈಲಾ ಅವರಿಂದ ಫೋನಿಲ್ಲ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು.

"ನನಗೂ ಅರವತ್ತೈದು ಆಗ್ತೈತ್ರಿ. ಆ ಆಫೀಸಿಗೆ ಹೋಗಬೇಕು. ಹೈವೇದಾಗ ನಾ ಗಾಡಿ ಓಡಸಂಗಿಲ್ಲ, ಮಗಳಿಗೆ ರಜಾ ಇಲ್ಲ. ನೀವು ಕರಕೊಂಡು ಹೋಗ್ತೀರೇನು? ಏನೂ ಹೇಳಬ್ಯಾಡ್ರಿ. ಬರೇ ಡ್ರೈವ್ ಮಾಡ್ರಿ."

ಹೋದೆವು. ಅವರು ಫೈಲು ತೆಗೆದುಕೊಂಡು ಒಬ್ಬರೇ ಒಳಗೆ ನಡೆದರು. ನಾನು ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತಿದ್ದೆ. ಹೊರಗೆ ಬೆಂಕಿಯಂಥ ಬಿಸಿಲು. ಒಂದೂವರೆ ಗಂಟೆಯ ಮೇಲೆ ಬಂದು ಕೂತು "ಆತು" ಅಂದರು.

ಈಗಲೂ ಜನ ಏನೇನೋ ಕೇಳುತ್ತಾರೆ. ನನಗೆ ಗೊತ್ತಿಲ್ಲ, ಆಫೀಸಿಗೇ ಹೋಗಿ ಕೇಳಿ ಅನ್ನುತ್ತೇನೆ. ಕೆಲವರು ಮೂರ್ತಿಯವರಿಗೆ ಸೊಕ್ಕು ಬಂದಿದೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಶೈಲಾ ನನ್ನನ್ನು ಕ್ಷಮಿಸಿದ್ದಾರೆ ಅಂತ ನಾನು ಹೇಳಲಾರೆ. ಕೇಳುವ ಧೈರ್ಯ ನನಗಿಲ್ಲ.

ಇದನ್ನು ಪತ್ರಿಕೆಗೆ ಬರೆಯಲೇ ಅಂತ ಮಾತ್ರ ಮೊನ್ನೆ ಅವರಿಗೆ ಫೋನ್ ಮಾಡಿ ಕೇಳಿದೆ. ಹೆಸರುಗಳನ್ನು ಬದಲಿಸುತ್ತೇನೆ ಅಂದೆ.

"ಯಾಕ ಬದಲಸ್ತೀರಿ?" ಅಂದರು. "ಅವರ ಹೆಸರು ಹಾಕ್ರಿ. ನಿಮ್ಮದೂ ಹಾಕ್ರಿ."